ಹೆಸರಿಲ್ಲದ ಬಾಟಲಿಯ ಪಂಚನಾಮೆ

ಸ್ಥಳ: ಕಾರವಾರ, ಬೈತಖೋಲ, ನನ್ನ ಮನೆಯ ತಾರಸಿ.
ವೇಳೆ: ಬೋಟುಗಳು ಇನ್ನೂ ಹೊರಡದ ಸಂಜೆ.
ಮಾಲು: ಬಾಟಲಿ ಒಂದು, ಬಣ್ಣ ಒಣಹುಲ್ಲಿನದು.
ವಾರಸುದಾರ: ಹಡಗಿನ ಇಂಜಿನಿಯರ್ ವಿಠೋಬ ಕೊಳಂಬಕರ,
ಗ್ಲಾಸ್ಗೋದಿಂದ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ತಂದವನು.
ಹೆಸರು:

ಅಲ್ಲಿಗೆ ಪೆನ್ನು ನಿಂತಿತು.
ಚೀಟಿಯ ಮೇಲೆ ಎಲ್ಲ ಇದೆ, ಹನ್ನೊಂದು ವರ್ಷ,
ಪೀಪಾಯಿಯ ನಂಬರು, ಯಾವುದೋ ದ್ವೀಪದ ಸಿಂಗಲ್ ಮಾಲ್ಟ್,
ಭಟ್ಟಿ ಯಾರದೆಂಬುದೊಂದು ಬಿಟ್ಟು.
ಪೀಪಾಯಿ ಮಾರುವಾಗ ಭಟ್ಟಿಯವರು ಹೇಳುತ್ತಾರಂತೆ:
ಮಗಳನ್ನು ಕರೆದೊಯ್ಯಿರಿ, ಮನೆತನದ ಹೆಸರೆತ್ತಬೇಡಿ.

ಮೂವತ್ತೊಂದು ವರ್ಷ ಮಾಜಾಳಿ ಗೇಟಿನಲ್ಲಿ
ಹೆಸರಿಲ್ಲದ್ದನ್ನು ಹಿಡಿಯುವುದೇ ನನ್ನ ನೌಕರಿ.
ಸ್ಟೆಪ್ನಿಯ ಒಳಗೆ, ಬಂಗಡೆಯ ಐಸಿನ ಅಡಿಗೆ,
ಒಮ್ಮೆ ಮದುವೆ ಬಸ್ಸಿನಲ್ಲಿ, ಡೋಲಿನ ಹೊಟ್ಟೆಯಲ್ಲಿ.
ಬಾರಿಸು ಎಂದೆ. ಡೋಲು ಗುಳುಗುಳು ಎಂದಿತು.
ಲೇಬಲ್ಲಿಲ್ಲವೆ? ಜಪ್ತಿ. ಚರಂಡಿಗೆ ಸುರಿ. ಸಹಿ.

ಒಂದನೇ ಪಂಚ, ಕೊಳಂಬಕರ.
ಗ್ಲಾಸಿಗೆ ಮೂಗಿಳಿಸಿ ಲಾಗ್‌ಬುಕ್ ಓದುವವನಂತೆ:
ಲಗವುಲಿನ್. ಅಲ್ಲ, ಕೂಲ್ ಈಲಾ. ತಡಿ, ಟ್ಯಾಲಿಸ್ಕರ್.
ಬರೆಯುವುದು ಇಸ್ಲೇ, ಕರೆಯುವುದು ಐಲಾ ಎಂದ.
ಇರಲಿ, ನೇವಿಯ ಹೊಸ ಹುಡುಗರ ಬಾಯಲ್ಲಿ
ನಮ್ಮ ಬೈತಖೋಲ ಏನಾಗುತ್ತದೆಂದು ನಾನೂ ಕೇಳಿದ್ದೇನೆ.

ಎರಡನೇ ಪಂಚ, ಫಿಲೋಮಿನಾ ಬಾಯಿ,
ಸಿವಿಲ್ ಆಸ್ಪತ್ರೆಯ ನಿವೃತ್ತ ಸಿಸ್ಟರ್.
ತುಟಿಗಿಡಲಿಲ್ಲ, ಬರೀ ಮೂಸಿದಳು.
'ಟಿಂಚರ್ ಅಯೋಡಿನ್. ಅದರ ಕೆಳಗೆ ಫಿನಾಯಿಲು.
ಅದರ ಕೆಳಗೆ, ಬೆಳಗಿನ ಪಾಳಿಯಲ್ಲಿ ಬಿಚ್ಚಿದ ಬ್ಯಾಂಡೇಜು.
ಹೆರಿಗೆ ವಾರ್ಡಲ್ಲ, ಗಂಡಸರ ವಾರ್ಡು.'
ಕೊಳಂಬಕರ ಕುರ್ಚಿಯಿಂದೆದ್ದ: ಲಫ್ರೋಯ್ಗ್!

ಮೂರನೆಯವ ಪುರ್ಸಾ ತಾಂಡೇಲ.
ಎಂಬತ್ತೊಂಬತ್ತರ ಏಪ್ರಿಲಿನಲ್ಲಿ ನಾನೇ ಹಿಡಿದಿದ್ದೆ ಇವನನ್ನು,
ದೋಣಿಯ ತಳದಲ್ಲಿ ಉರಾಕಿನ ಹದಿನೇಳು ಕ್ಯಾನು.
ಅಂದಿನಿಂದ ಪ್ರತಿವರ್ಷ ಮೊದಲ ಬಲೆಯ ಬಂಗಡೆ
ನನ್ನ ಬಾಗಿಲಿಗೆ ಬರುತ್ತದೆ. ಯಾಕೆಂದು ಯಾರೂ ಕೇಳಿಲ್ಲ.
ಕಣ್ಣು ಕಟ್ಟಿ ತಿಸ್ರೆ ತಿನ್ನಿಸಿ ಇವನಿಗೆ:
ಇದು ಕಾಳಿಯದು, ಇದು ಅಘನಾಶಿನಿ,
ಇದು ಗಂಗಾವಳಿ, ಅದೂ ಮಳೆಗೆ ಮುಂಚಿನದು ಎಂದಾನು.

ಗುಟುಕನ್ನು ನಾಲಗೆಯಡಿ ಲಂಗರು ಹಾಕಿದ.
'ಹೆಸರು ಗೊತ್ತಿಲ್ಲ ಸಾಹೇಬ್ರೆ, ಜಾಗ ಹೇಳ್ತೆ.
ದಂಡೆ ಮೂಡಣಕ್ಕೆ. ನಮ್ಮಲ್ಲಿ ಸೂರ್ಯ ನೀರಿಗೆ ಬೀಳ್ತಾನೆ,
ಅಲ್ಲಿ ಎದುರಿನ ದ್ವೀಪದ ಗುಡ್ಡದಿಂದ ಏಳ್ತಾನೆ.
ನಡುವೆ ಸಪೂರ ನೀರು, ನಿಲ್ಲೋದಲ್ಲ, ಓಡೋದು,
ಭರತಿಗೊಂದು ದಿಕ್ಕು, ಇಳಿತಕ್ಕೊಂದು ದಿಕ್ಕು.
ಉಪ್ಪು ಸಾಣಿಕಟ್ಟೆದಲ್ಲ, ಹಗ್ಗ ಒಣಗಿದ ಮೇಲೆ ಉಳಿಯೋ ಉಪ್ಪು.
ಹೊಗೆ ಕಟ್ಟಿಗೇದಲ್ಲ. ಮಣ್ಣೇ ಸುಟ್ಟದ್ದು. ಹಸಿ ಮಣ್ಣು.'

ಮೊಬೈಲಿನ ನಕಾಶೆಯಲ್ಲಿ ಕೊಳಂಬಕರನ ಬೆರಳು
ದ್ವೀಪವನ್ನು ಸುತ್ತಿ ಸುತ್ತಿ ಒಂದು ಜಲಸಂಧಿಯಲ್ಲಿ ನಿಂತಿತು.
ಅವನು ಎರಡನೆಯದಾಗಿ ಹೇಳಿ ಕೈಬಿಟ್ಟ ಹೆಸರು.
'ಇದ್ದರೂ ಇರಬಹುದು' ಎಂದ, ಸ್ವಲ್ಪ ಸಿಟ್ಟಿನಿಂದ.
ಖಾತ್ರಿ ಮಾಡಲು ಮಾರಿದವನೂ ಬಾಯಿ ಬಿಡುವುದಿಲ್ಲ.

ನಾಲ್ಕನೆಯವ ನಾನು.
ನನ್ನ ಮೂಗಿಗೆ ಬಂದದ್ದು ಆ ಏಪ್ರಿಲಿನ ರಾತ್ರಿ.
ಕ್ಯಾನಿನ ಮುಚ್ಚಳ ತೆಗೆದೊಡನೆ ಗೊತ್ತಾಗಿತ್ತು:
ಕೊಳೆತ ಗೇರುಹಣ್ಣಿನ ಹಿಂದೆ ಒಂದು ಚೂರು ಶುಂಠಿ,
ಸದಾಶಿವಗಡದ ಆಚೆ ಒಬ್ಬಳೇ ಹಾಗೆ ಇಳಿಸುತ್ತಿದ್ದಳು,
ಪುರ್ಸಾನ ಅವ್ವ ಶೇವಂತಿ, ವಿಧವೆ, ಎರಡು ಮಡಕೆ, ಒಂದು ನಳಿಗೆ.
ತಯಾರಿಸಿದವರು ಎಂಬ ಕಲಮಿನ ಮುಂದೆ
ನೀಲಿ ಶಾಯಿಯಲ್ಲಿ ಬರೆದಿದ್ದೆ: ತಿಳಿದುಬಂದಿಲ್ಲ.
ಸರ್ವಿಸಿನಲ್ಲಿ ನಾನು ಬರೆದ ಒಂದೇ ಸುಳ್ಳು.
ಒಂದೇ ಅಲ್ಲ. ಆದರೆ ನೆನಪಿಟ್ಟುಕೊಂಡದ್ದು ಒಂದೇ.

ಈಗಲೂ ಅದನ್ನೇ ಬರೆದೆ, ಗಟ್ಟಿಯಾಗಿ ಓದಿದೆ.
ಕೊಳಂಬಕರ ತಕರಾರು ಎತ್ತಿದ. ಫಿಲೋಮಿನಾ ನಕ್ಕಳು.
ಪುರ್ಸಾ ನಗಲಿಲ್ಲ. ನನ್ನನ್ನೇ ನೋಡಿದ,
ಕೆಳಗೆ ಬಂದರಿನಲ್ಲಿ ಮೊದಲ ಇಂಜಿನು ಕೆಮ್ಮುವವರೆಗೆ.
ಸಹಿ ಎಂದಾಗ ಪೆನ್ನು ಮುಟ್ಟದೆ
ಎಣ್ಣೆಗೈಯ ಹೆಬ್ಬೆಟ್ಟು ಒತ್ತಿದ,
ಕಾಗದದ ಮೇಲಲ್ಲ, ಖಾಲಿ ಗ್ಲಾಸಿನ ಮೇಲೆ.