ಏಳನೆಯ ಕಾಟಾ

ಮಂಡಿಪೇಟೆಯಲ್ಲಿ, ಜವಳಿ ಅಂಗಡಿಯ ಮಾಳಿಗೆ ಮೇಲೆ ನಮ್ಮ ಆಫೀಸು.
ಕೆಳಗೆ ಗಜಕಡ್ಡಿ ಹಿಡಿದು ಅಳೆಯುತ್ತಾರೆ,
ಮೇಲೆ ನಾವು ಯಾರ್ಡಿನ ನಲವತ್ತು ದಲಾಲಿ ಅಂಗಡಿಗಳ
ತೂಕ, ಪಟ್ಟಿ, ಹಮಾಲಿ, ಕಮಿಷನ್ನು ನೋಡಿಕೊಳ್ಳುತ್ತೇವೆ.

ಹದಿನಾಲ್ಕು ವರ್ಷದ ಸಾಫ್ಟ್‌ವೇರು.
ಅದರ ನಕ್ಷೆ ಎಲ್ಲಿತ್ತು ಅಂದರೆ
ಸ್ವಲ್ಪ, ಬೀಜದ ಕಂಪನಿ ಕೊಟ್ಟ ಡೈರಿಯಲ್ಲಿ;
ಸ್ವಲ್ಪ, ಬಿಳಿ ಹಲಗೆಯ ಒಂದು ಫೋಟೊದಲ್ಲಿ,
ಅದಕ್ಕೂ ಯಾರದೋ ಮೊಣಕೈ ಅಡ್ಡ;
ಉಳಿದದ್ದು ರುದ್ರಮುನಿ ಸರ್ ತಲೆಯಲ್ಲಿ.
ಆ ತಲೆ ಈಗ ಹರಿಹರದಲ್ಲಿ ಟೈಲ್ಸ್ ಮಾರುತ್ತದೆ.

ಆಷಾಢದಲ್ಲಿ ಬಂತು ಎಐ ಸಹಾಯಕ.
ಕೋಡಿನ ಸಂದಿಗೊಂದಿ ಓದಿ ಮೊದಲ ದಿನವೇ ಕೇಳಿತು:
'ತೂಕ ಬಂದ ಮೇಲೆ ಮೂರು ಸೆಕೆಂಡು
ಸುಮ್ಮನೆ ಕಾಯುವ ಸಾಲೊಂದಿದೆ.
ಕಾರಣ ಕಾಣುತ್ತಿಲ್ಲ. ತೆಗೆಯಲೇ?'
ಮಾರುತೇಶನ ಬೆರಳು ಆಗಲೇ ಹೂಂ ಅನ್ನುವ ಗುಂಡಿಯ ಮೇಲೆ.
ತಡೆದೆ.
ಕಾರಣ ನನಗೂ ಗೊತ್ತಿರಲಿಲ್ಲ, ಅದಕ್ಕೇ ತಡೆದೆ.
ಗೋಡೆಯಲ್ಲಿ ಮೊಳೆ ಇದೆ ಅಂದರೆ
ಯಾರೋ ಏನೋ ತೂಗುಹಾಕಿದ್ದರು.

ಹನ್ನೊಂದು ರಾತ್ರಿ ಡೈರಿ ಕುಟ್ಟಿದೆ ಕೀಲಿಮಣೆಗೆ.
ಪೆಟ್ಟಿಗೆಗೆ ಹೆಸರು, ಬಾಣಕ್ಕೆ ದಿಕ್ಕು,
ಪ್ರತಿಯೊಂದು ಹಟಕ್ಕೂ ಒಂದು ಯಾಕಂದರೆ.
ನಡುವೆ ಸಣ್ಣ ಸರ್ವರ್ ಕೂರಿಸಿ
ಅದಕ್ಕೂ ಇದಕ್ಕೂ ಗಂಟು ಹಾಕಿದೆವು.
ಓದುವ ಹಕ್ಕು ಕೊಟ್ಟೆವು, ತಿದ್ದುವ ಹಕ್ಕು ಕೊಡಲಿಲ್ಲ.
ಹೊಸ ಗುಮಾಸ್ತನಿಗೆ ಖಾತೆ ತೋರಿಸು, ಪೆನ್ನು ಕೊಡಬೇಡ
ಅನ್ನುತ್ತಿದ್ದ ಅಪ್ಪ, ಮಂಡಿಯ ಲೆಕ್ಕ ಬರೆದವನು.

ಮತ್ತೆ ಕೇಳಿದೆವು. ಈ ಸಲ:
'ತೆಗೆಯಬಾರದು. ಡೈರಿ, ಪುಟ ನಲವತ್ತೊಂದು.
ಏಳನೆಯ ಕಾಟಾದ ತಟ್ಟೆ ಸಡಿಲ.
ಚೀಲ ಬಿದ್ದರೆ ಅಂಕಿ ತೂರಾಡುತ್ತದೆ,
ನಿಲ್ಲುವ ತನಕ ನಿಲ್ಲಬೇಕು.'
ಮಾರುತೇಶ ಚಪ್ಪಾಳೆ ಹೊಡೆದ,
ಮಂಡಕ್ಕಿ ತರಿಸಿದ, ಮಿರ್ಚಿ ಎರಡು ಪ್ಲೇಟು.

ಪುಟ ನಲವತ್ತೊಂದನ್ನು ಟೈಪಿಸಿದವಳು ನಾನು.
ಏಳನೆಯ ಕಾಟಾ ನೋಡಿದವಳಲ್ಲ.

ಮರುದಿನ ಯಾರ್ಡು. ಮೆಕ್ಕೆಜೋಳದ ರಾಶಿ, ಹೊಟ್ಟಿನ ಧೂಳು,
ಮೂಗಿಗೆ ಸೆರಗು ಹಿಡಿದು ಎಣಿಸುತ್ತ ಹೋದೆ:
ಐದು, ಆರು, ಎಂಟು.
ಏಳರ ಜಾಗದಲ್ಲಿ ನಾಲ್ಕು ಬೋಲ್ಟಿನ ತುಕ್ಕು ತುದಿ,
ನಡುವೆ ಮಲಗಿದ ಒಂದು ಕಂದು ನಾಯಿ.

'ಅದಾ? ಗುಜರಿಗೆ ಹೋಗಿ ಮೂರು ಉಗಾದಿ ಆತಕ್ಕ,'
ಅಂದ ಹಮಾಲಿ ಅಂಜಿನಪ್ಪ.
'ಈಗಿನವು ಚೀಲ ಮುಟ್ಟೋದ್ರಾಗ ಅಂಕಿ ನಿಲ್ತಾವು.'
'ಹಂಗಾದ್ರೆ ಆ ಮೂರು ಸೆಕೆಂಡು ತೆಗೀಲಾ?'

ಮಾತಾಡಲಿಲ್ಲ. ಚೀಲ ಇಳಿಸಿದ.
ಅಂಕಿ ತಟ್ಟನೆ ನಿಂತಿತು, ಬೀಪ್ ಬರಲಿಲ್ಲ.
ಬೆನ್ನು ನೆಟ್ಟಗೆ ಮಾಡಿದ, ಟವಲಿನಲ್ಲಿ ಕುತ್ತಿಗೆ ಒರೆಸಿದ,
ಒಂದು ಉಸಿರು ಎಳೆದ, ಬಿಟ್ಟ.
ಬೀಪ್.
'ತೆಗೀಬ್ಯಾಡಕ್ಕ,' ಅಂದ, ಮುಂದಿನ ಚೀಲಕ್ಕೆ ಕೊಕ್ಕೆ ಹಾಕುತ್ತ.
'ದಿನಕ್ಕ ಮುನ್ನೂರು ಚೀಲ. ಇದರಾಗ ಐತಿ ನಮ್ದು.'

ವಾಪಸು ಬಂದು ಪುಟ ನಲವತ್ತೊಂದರ ಕೆಳಗೆ ಬರೆದೆ:
ಹಳೆಯ ಕಾರಣ ಗುಜರಿಗೆ ಹೋಗಿದೆ.
ಹೊಸ ಕಾರಣ
ಅಂತ ಬರೆದು ಕೂತೆ.
'ಯಾವುದರ ಕೆಳಗೆ ಹಾಕೋದು ಮೇಡಂ, ಯಂತ್ರವಾ, ಬಳಕೆದಾರರಾ?'
ನಕ್ಷೆಯಲ್ಲಿ ಕಾಟಾ ಇದೆ, ಪಟ್ಟಿ ಇದೆ,
ಪ್ರಿಂಟರಿಗೂ ಒಂದು ಪೆಟ್ಟಿಗೆ ಇದೆ, ನೀಲಿ ಬಣ್ಣದ್ದು.
ಚೀಲ ಹೊರುವವನಿಗೆ ಇರಲಿಲ್ಲ.
ಹೊಸದೊಂದು ಎಳೆದೆ. ಹೆಸರು ಬರೆದೆ.
ಬಾಣ ಅವನಿಂದ ಹೊರಡಬೇಕೋ ಅವನಿಗೆ ಬರಬೇಕೋ
ತಿಳಿಯದೆ ಹಾಗೇ ಬಿಟ್ಟೆ.

ಸಂಜೆ ಸಹಾಯಕ ಕೇಳಿತು:
'ಹೊಸ ಪೆಟ್ಟಿಗೆಗೆ ಯಾವ ಸಂಪರ್ಕವೂ ಇಲ್ಲ.
ಬಿಟ್ಟುಹೋಗಿದೆಯೇ?'

ಕೆಳಗೆ ಜವಳಿ ಅಂಗಡಿಯ ಷಟರ್ ಎಳೆಯುತ್ತಿದ್ದರು.