ಹದಿನೇಳನೆಯ ಬೈಟ್

ಧಕ್ಕೆಯ ಐಸ್ ಪ್ಲಾಂಟಿನ ಹಳೇ ಯಂತ್ರ
ಸೆಕೆಂಡಿಗೊಮ್ಮೆ ತಂತಿಯಲ್ಲಿ ಏನೋ ಒದರುತ್ತದೆ.
ತಂತ್ರಾಂಶ ಎಲ್ಲಕ್ಕೂ ಬೂದು ಬಳಿದು
‘ಅಪರಿಚಿತ’ ಎಂದು ಕೈತೊಳೆದುಕೊಂಡಿದೆ;
ಬೇಕಾದರೆ ನೀನೇ ಹೇಳಿಕೊಡು ಎಂಬಂತೆ
ಒಂದು ಖಾಲಿ ಕಿಟಕಿ ಮಾತ್ರ ತೆರೆದಿಟ್ಟಿದೆ.

ಮಿಸ್ರಿಯಾ ಬರೆದಳು:
ಮೊದಲೆರಡು ಬೈಟ್, ಯಂತ್ರದ ಹೆಸರು.
ಐದನೆಯದರಲ್ಲಿ ನಲವತ್ತು ಕಳೆದರೆ ಚಳಿ.
ಒಂಬತ್ತು, ಉಪ್ಪುನೀರಿನ ಮಟ್ಟ.
ಸಾಲುಸಾಲಿಗೂ ಬಣ್ಣ ಬಂತು,
ಬೂತಾಯಿ ಬುಟ್ಟಿಗೆ ಬಿಸಿಲು ಬಿದ್ದ ಹಾಗೆ.

ಹದಿನೇಳನೆಯದು ಮಾತ್ರ
ಸೊನ್ನೆ, ಸೊನ್ನೆ, ಸೊನ್ನೆ,
ಒಮ್ಮೊಮ್ಮೆ ಥಟ್ಟನೆ ಒಂದು.
‘ಗೊತ್ತಿಲ್ಲ’ ಎಂದೇ ಹೆಸರಿಟ್ಟು ಎದ್ದಳು.

ಅಷ್ಟರಲ್ಲಿ ಮಯ್ಯದ್ದಿ ಕಾಕ
ಐಸ್ ಗಾಡಿಯಿಂದಲೇ ಹಿಂಬಾಗಿಲು ದೂಡಿದರು.
ಒಂದು.
ಕಾಲಲ್ಲಿ ಒದ್ದು ಮುಚ್ಚಿದರು.
ಸೊನ್ನೆ.

ಮಿಸ್ರಿಯಾ ಮತ್ತೆ ಕೂತಳು:
‘ಕಾಕಾ, ಒಮ್ಮೆ ಹೊರಗೆ ಹೋಗಿ ಬನ್ನಿ.’