ಎರಡು ಚುಕ್ಕಿ

ಕೌಲ್ ಬಜಾರಿನ ಶೆಡ್ಡು. ತಗಡು ಕಾದು
ಟಿಕ್ ಟಿಕ್ ಅನ್ನುವ ಹೊತ್ತಿಗೆ
ಗಾದಿಲಿಂಗಪ್ಪನ ಜೀಪಿನ ಹೊಟ್ಟೆ ಪೂರಾ ಬಿಚ್ಚಿ
ಹಳೇ ಫ್ಲೆಕ್ಸಿನ ಮೇಲೆ ಹರವಿದ್ದೇನೆ.
ಫ್ಲೆಕ್ಸಿನಲ್ಲಿ ಯಾರದೋ ಹುಟ್ಟುಹಬ್ಬದ ನಗು,
ಮೂಗಿನ ಮೇಲೆ ಫ್ಲೈವೀಲು, ಗಲ್ಲದ ಮೇಲೆ ವಾಲ್ವುಗಳು.

ಅರವತ್ತೆರಡರ ಗಾಡಿ. ಸಂಡೂರಿನ ಗುಡ್ಡದಲ್ಲಿ
ಅದಿರು ಹುಡುಕುವವರನ್ನು ಹೊತ್ತು ತಿರುಗಿದ್ದು.
ಇಪ್ಪತ್ತು ವರ್ಷ ನಿಂತಲ್ಲೇ ನಿಂತು ಹರಾಜಿಗೆ ಬಂತು.
ಈಗಲೂ ಬೋಲ್ಟು ಬಿಡಿಸಿದರೆ ಕೆಂಪು ಧೂಳು;
ಮೂರೇ ತೊಳೆತಕ್ಕೆ ಬೋಗುಣಿಯ ಸೀಮೆಎಣ್ಣೆ
ಎಲೆಯಡಿಕೆ ಉಗುಳಿದ ಹಾಗಾಯಿತು.

ಉಸ್ತಾದ್ ಹೊನ್ನೂರವಲಿ ಮಣೆ ಎಳೆದು ಕೂತಿದ್ದಾರೆ.
ಎರಡೂ ಕಣ್ಣಿಗೆ ಹೊಗೆ ಕವಿದು ನಾಲ್ಕು ವರ್ಷ.
"ಕೊಡು" ಅಂತಾರೆ. ಕೊಡುತ್ತೇನೆ.
ಅಂಗೈಯಲ್ಲಿ ತೂಗಿ, ಹೆಬ್ಬೆರಳಿಂದ ಸವರಿ,
ಕೆಲವನ್ನು ಪಾನಾದಿಂದ ಬಡಿದು ಕಿವಿಗೆ ಹಿಡಿದು
ಊರು ಹೇಳುತ್ತಾರೆ.

"ಕಾರ್ಬೊರೇಟರ್ ಅಂಬಾಸಿಡರ್ದು.
ನೀರಿನ ಪಂಪು ಗಂಗಾವತಿ ಕಡೀದು. ಅಕ್ಕಿ ಗಿರಣಿ ಮಂದಿ
ಬುಷ್ ಹಿಂಗ ಹೊಡೀತಾರ. ಮೂಸು, ತೌಡಿನ ವಾಸನಿ ಹೋಗಿಲ್ಲ."
ಮೂಸಿದೆ. ಬರೀ ಆಯಿಲ್. ಹೂಂ ಅಂದೆ.
"ಈ ಬೋಲ್ಟು ಎಂಎಂದು. ಇಂಚಿನ ತೂತಿಗೆ ಬಡದು ಕೂಡಿಸ್ಯಾರ.
ಎರಡು ಸುತ್ತು ನಕ್ಕೊಂತ ಹೋಗತೈತಿ,
ಮೂರನೇದಕ್ಕ ಹಲ್ಲು ಕಿತ್ತು ಕೈಗೆ ಬರತೈತಿ."

ಆಯಿಲ್ ಪಂಪಿಗೆ ಬಹಳ ಹೊತ್ತು ಹಿಡಿಯಿತು.
ಹಲ್ಲುಗಳ ಓರೆಯನ್ನು ಉಗುರಿನಲ್ಲಿ ಓದಿದರು.
"ಇದು ಚೈನಿನ ಇಂಜಿನ್ದು. ನಮ್ಮದು ಗೇರಿಂದು.
ಇದರವು ಎಡಕ್ಕ ವಾಲ್ಯಾವ, ನಮ್ಮವು ಬಲಕ್ಕ.
ಯಾರೋ ಪುಣ್ಯಾತ್ಮ ಹಾಕಿದ, ಗಾಡಿ ಆವತ್ತ ಮಲಗಿತು."

ಸಿಮೆಂಟಿನ ಮೂರು ಚೀಲ ಇಟ್ಟಿದ್ದೆ.
ಒಂದರ ಮೇಲೆ ಸೀಮೆಸುಣ್ಣದಲ್ಲಿ: ಇದರದ್ದು.
ಇನ್ನೊಂದಕ್ಕೆ: ಬೇರೇದರದ್ದು.
ಮೂರನೆಯದಕ್ಕೆ ಏನು ಬರೀಲಿ ಅಂದರೆ
"ಖಾಲಿ ಬಿಡು" ಅಂದರು.
ಮಧ್ಯಾಹ್ನದ ಹೊತ್ತಿಗೆ ತುಂಬಿದ್ದು ಅದೇ.

ಆಮೇಲೆ ಕನೆಕ್ಟಿಂಗ್ ರಾಡುಗಳು.
ಒಂದು ಸರಿ. ನಾಲ್ಕು ಸರಿ.
ಎರಡರ ಮೇಲೆ ಬೆರಳು ನಿಂತಿತು.
ರಾಡಿನ ಮೇಲೆ ಎರಡು ಚುಕ್ಕಿ, ಕ್ಯಾಪಿನ ಮೇಲೆ ಎರಡು ಚುಕ್ಕಿ,
ಪಂಚಿನಿಂದ ಹೊಡೆದದ್ದು, ಎಡಕ್ಕೆ ಓರೆ.
"ಚುಕ್ಕಿ ಕೂಡ್ತಾವ," ಅಂದರು. "ಬಾಯಿ ಕೂಡವಲ್ದು."
ಬೆಸುಗೆಯಿಲ್ಲದ ಆ ಗೆರೆಯ ಮೇಲೆ ಉಗುರು ಎಳೆದರು.
ಕೂದಲೆಳೆಯಷ್ಟು ಮೆಟ್ಟಿಲು. ಉಗುರು ಎಡವಿತು.
"ಮೂರರ ಟೊಪ್ಪಿಗಿ ಎರಡಕ್ಕ, ಎರಡರದು ಮೂರಕ್ಕ."

ಬಟ್ಟೆಯಲ್ಲಿ ಕೈ ಒರೆಸಿಕೊಂಡೆ. ಮತ್ತೆ ಒರೆಸಿಕೊಂಡೆ.

ಮೂರು ಸಲ ಬಣ್ಣ ಬದಲಾದ ಗಾಡಿ, ಗುರುತು ಸಿಕ್ಕಿರಲಿಲ್ಲ.
ನನಗಾಗ ಹದಿನಾಲ್ಕು. ಉಸ್ತಾದ್ ಸಿರುಗುಪ್ಪಕ್ಕೆ
ತಂಗಿಯ ಮನೆಗೆ ಹೋದ ರಾತ್ರಿ ಕರೆಂಟು ಹೋಗಿ
ಬೋಗುಣಿ ಕಾಲಿಗೆ ತಗುಲಿ ಎಲ್ಲ ಉರುಳಿದವು.
ಕಂಪನಿಯ ನಂಬರು ಮೊದಲೇ ಸವೆದಿತ್ತು.
ಬೆಳಗಿಗೇ ಗಾಡಿ ಬೇಕೆಂದು ಡ್ರೈವರ್ ಬಾಗಿಲಲ್ಲೇ ಮಲಗಿದ್ದ.
ಕೇಳಲು ಯಾರೂ ಇರಲಿಲ್ಲ; ಇದ್ದರೂ ಕೇಳುತ್ತಿರಲಿಲ್ಲ.
ಪಂಚಿತ್ತು, ಸುತ್ತಿಗೆ ಇತ್ತು,
ಕೂಡದ್ದರ ಮೇಲೆ ಕೂಡುವ ಚುಕ್ಕಿ ಹೊಡೆದೆ.
ಶೆಡ್ಡಿನಲ್ಲಿ ಎಡಗೈಯವನು ಆಗಲೂ ನಾನೊಬ್ಬನೇ.

ಉಸ್ತಾದ್ ರಾಡನ್ನು ನನ್ನತ್ತ ಚಾಚಿದರು,
ನಾನಿದ್ದ ಕಡೆಗಲ್ಲ, ತುಸು ಪಕ್ಕಕ್ಕೆ, ಬರೀ ಗಾಳಿಗೆ.
ನಾನೇ ಸರಿದು ಕೂತು ತೆಗೆದುಕೊಂಡೆ.
"ಯಾವ ಚೀಲಕ್ಕ ಹಾಕ್ತಿ, ನೀನ ನೋಡು."
ಆಮೇಲೆ, "ಚಾ ಹೇಳು. ನನಗ ಸಕ್ರಿ ಬ್ಯಾಡ."

ಎರಡರದು ಎರಡಕ್ಕೆ, ಮೂರರದು ಮೂರಕ್ಕೆ ಇಟ್ಟು ನೋಡಿದೆ.
ಉಗುರು ಜಾರಿ ಹೋಯಿತು.
ಹಳೇ ಚುಕ್ಕಿ ಉಜ್ಜಲಿಲ್ಲ. ಪಕ್ಕದಲ್ಲಿ ಹೊಸದು ಹೊಡೆದೆ,
ಎಡಗೈಯಲ್ಲೇ, ಓರೆಯಾಗಿಯೇ.

ಸಂಜೆ ಗಾದಿಲಿಂಗಪ್ಪ ಬಂದು ಚೀಲಗಳನ್ನು ಎಣಿಸಿ
"ಏನಣ್ಣ, ಇಷ್ಟೊಂದು ಉಳದೈತಿ?" ಅಂದ.
ಸೋಮವಾರ ಗುಂತಕಲ್ಲಿಗೆ ಹೋಗಬೇಕು ಅಂದೆ,
ಬಲಕ್ಕೆ ವಾಲಿದ ಹಲ್ಲು ಎಲ್ಲಾದರೂ ಸಿಕ್ಕೀತು.